ಓಡುವ ಕುದುರೆ ಮೇಲೆ ಜಿಮ್ನಾಸ್ಟಿಕ್ಸ್: ಬೆಂಗಳೂರಲ್ಲಿ ವಾಲ್ಟಿಂಗ್ ಕಲಿಯಲು ಹೊರಟವರಿಗೆ

ಬೆಂಗಳೂರಲ್ಲಿ ಕುದುರೆ ಅಂದರೆ ಬಹಳ ಜನರಿಗೆ ರೇಸ್‌ಕೋರ್ಸ್ ನೆನಪಾಗುತ್ತದೆ, ಇಲ್ಲ ಅಂದರೆ ಮೈಸೂರು ದಸರಾದ ಅಶ್ವದಳ. ವಾಲ್ಟಿಂಗ್ ಇವೆರಡರಿಂದಲೂ ದೂರ. ಇದರಲ್ಲಿ ಜೀನು ಇಲ್ಲ, ರಿಕಾಪು ಇಲ್ಲ, ಲಗಾಮು ನಿಮ್ಮ ಕೈಗೆ ಬರುವುದೇ ಇಲ್ಲ. ಕುದುರೆ ದೊಡ್ಡ ಸುತ್ತಿನಲ್ಲಿ ಎಡಕ್ಕೆ ತಿರುಗುತ್ತಾ ಹೋಗುತ್ತಿರುತ್ತದೆ. ಆ ಸುತ್ತಿನ ನಡುವೆ ನಿಂತವರು ಉದ್ದ ಹಗ್ಗ ಹಿಡಿದು ಅದನ್ನು ನಡೆಸುತ್ತಾರೆ. ನೀವು ಅದರ ಬೆನ್ನ ಮೇಲೆ ಕೂರುತ್ತೀರಿ, ಮಂಡಿಯೂರುತ್ತೀರಿ, ಹಿಂದುಮುಂದಾಗಿ ತಿರುಗುತ್ತೀರಿ, ಮುಂದೊಂದು ದಿನ ಕೈ ಬಿಟ್ಟು ಎದ್ದು ನಿಲ್ಲುತ್ತೀರಿ.

"ಇದು ಸರ್ಕಸ್ ಅಲ್ವಾ?" ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಅಲ್ಲ. ಅಂತರರಾಷ್ಟ್ರೀಯ ಕುದುರೆ ಸವಾರಿ ಸಂಸ್ಥೆ ಎಫ್‌ಇಐ ಇದನ್ನು 1983ರಲ್ಲೇ ತನ್ನ ಕ್ರೀಡೆಗಳ ಪಟ್ಟಿಗೆ ಸೇರಿಸಿಕೊಂಡಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1986ರಲ್ಲಿ ಸ್ವಿಟ್ಜರ್ಲೆಂಡಿನ ಬುಲ್ ಊರಲ್ಲಿ ನಡೆಯಿತು. ಅದಕ್ಕೂ ಎಷ್ಟೋ ಮೊದಲು, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಪದಕ ಕೊಟ್ಟಿದ್ದರು. ಆಗ ಕಣದಲ್ಲಿ ಇದ್ದವರೆಲ್ಲ ಸೈನಿಕರು. ಅಂದಹಾಗೆ ಜಿಮ್ನಾಸ್ಟಿಕ್ಸ್‌ನಲ್ಲಿ ಎರಡು ಹಿಡಿ ಇರುವ 'ಪಾಮೆಲ್ ಹಾರ್ಸ್' ಇದೆಯಲ್ಲ, ಅದು ಬಂದಿದ್ದೂ ಸೈನಿಕರು ಕುದುರೆ ಹತ್ತಿ ಇಳಿಯುವುದನ್ನು ಮರದ ಕುದುರೆ ಮೇಲೆ ಅಭ್ಯಾಸ ಮಾಡುತ್ತಿದ್ದ ಕಾಲದಿಂದಲೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಶುರುವಿನ ತಿಂಗಳುಗಳಲ್ಲಿ ನೀವು ಕುದುರೆ ಮೇಲೆ ಕಳೆಯುವ ಹೊತ್ತು ಕಡಿಮೆ. ನೆಲದ ಮೇಲೆ, ಕುದುರೆಯ ಬದಲಿಗೆ ಅಭ್ಯಾಸಕ್ಕೆ ಇಡುವ ಡ್ರಮ್ಮಿನ ಮೇಲೆ ಕಳೆಯುವುದೇ ಜಾಸ್ತಿ. ಅದು ಬೇಸರ ಅನ್ನಿಸುವವರಿಗೆ ಈ ಆಟ ಹಿಡಿಸುವುದಿಲ್ಲ. ಯಾಕೆ ಹಾಗೆ ಅಂದರೆ, ನೀವು ನೆಲದ ಮೇಲೆ ಮಾಡುವ ತಪ್ಪಿನ ನೋವು ನಿಮಗೆ ಮಾತ್ರ. ಅದೇ ತಪ್ಪನ್ನು ಕುದುರೆ ಮೇಲೆ ಮಾಡಿದರೆ ಅದರ ಬೆನ್ನಿಗೆ ಪೆಟ್ಟು.

ಎಲ್ಲಿ ಕಲಿಯೋದು?

ಊರಲ್ಲಿ ಕುದುರೆ ಸವಾರಿಗೆ ಒಳ್ಳೆಯ ಹೆಸರೇ ಇದೆ. ಏರ್‌ಪೋರ್ಟ್ ಕಡೆ ಎಂಬೆಸಿ ರೈಡಿಂಗ್ ಸ್ಕೂಲ್ ಇದೆ. ಅಲ್ಲಿ ತಯಾರಾದ ನಮ್ಮ ಊರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು, ಆಮೇಲೆ ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿ 23ನೇ ಸ್ಥಾನ ಪಡೆದರು. ಸೇನೆಯ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಸೆಂಟರ್ ಊರೊಳಗೇ ಇದೆ, ಅಲ್ಲೂ ಕುದುರೆ ಸವಾರರು ತಯಾರಾಗುತ್ತಾರೆ. ಊರ ಹೊರಗೆ ಸಣ್ಣಪುಟ್ಟ ರೈಡಿಂಗ್ ಸ್ಕೂಲುಗಳೂ ಇವೆ. ಆದರೆ ಎಲ್ಲ ಕಡೆ ಮುಖ್ಯವಾಗಿ ಕಲಿಸುವುದು ಸಾಮಾನ್ಯ ಸವಾರಿ, ಡ್ರೆಸಾಜ್ (ಸನ್ನೆಗೆ ತಕ್ಕಂತೆ ಕುದುರೆಯನ್ನು ಲಯದಲ್ಲಿ ನಡೆಸುವುದು), ಜಂಪಿಂಗ್. 'ವಾಲ್ಟಿಂಗ್ ಕ್ಲಾಸ್' ಅನ್ನುವ ಬೋರ್ಡು ಹುಡುಕಿಕೊಂಡು ಹೊರಟರೆ ಪೆಟ್ರೋಲ್ ದಂಡ.

ಹಾಗಾಗಿ ನಾನು ಹೇಳುವ ದಾರಿ ಸ್ವಲ್ಪ ಬೇರೆ. ಎರಡು ಕಲಿಕೆ ಒಟ್ಟಿಗೆ ನಡೆಯಲಿ. ಒಂದು ಕಡೆ ಯಾವುದಾದರೂ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿ. ಇನ್ನೊಂದು ಕಡೆ ಒಂದು ರೈಡಿಂಗ್ ಸ್ಕೂಲಿಗೆ ಸೇರಿ, "ಲಂಜ್ ಲೈನ್ ಮೇಲೆ, ರಿಕಾಪು ಇಲ್ಲದೆ ಕೂರಿಸಿ ಕಲಿಸುತ್ತೀರಾ?" ಅಂತ ಕೇಳಿ. ಲಂಜ್ ಲೈನ್ ಅಂದರೆ ಆಗಲೇ ಹೇಳಿದ ಆ ಉದ್ದ ಹಗ್ಗ. ಇದು ಅವರಿಗೆ ಹೊಸದೇನಲ್ಲ, ಸವಾರರ ಕೂರುವಿಕೆ ಸರಿಮಾಡಲು ಕೋಚ್‌ಗಳು ಮಾಡಿಸುವ ಹಳೆಯ ಪಾಠವೇ. ನೀವು ಅಲ್ಲಿ ಚೆನ್ನಾಗಿ ಕೂತರೆ ವಾಲ್ಟಿಂಗ್‌ನ ಅರ್ಧ ತಳಪಾಯ ಹಾಕಿದಂತೆಯೇ. ನಮ್ಮ ಸ್ಕೂಲುಗಳ ಕೋಚ್‌ಗಳಲ್ಲಿ ಸೇನೆಯಿಂದ ನಿವೃತ್ತರಾದವರೂ ಇರುತ್ತಾರೆ. ಅವರಲ್ಲಿ ಟ್ರಿಕ್ ರೈಡಿಂಗ್, ಅಂದರೆ ಓಡುವ ಕುದುರೆ ಮೇಲೆ ಸಾಹಸ ಪ್ರದರ್ಶನ, ಮಾಡಿದವರು ಸಿಕ್ಕರೆ ಅದೃಷ್ಟ, ಬಿಡಬೇಡಿ. ಟ್ರಿಕ್ ರೈಡಿಂಗ್ ಬೇರೆ ಆಟ ನಿಜ, ಆದರೆ ಕುದುರೆ ಓಡುತ್ತಿರುವಾಗ ಮೈ ಎಲ್ಲಿ ಇರಬೇಕು ಅನ್ನುವುದು ಅವರಿಗೆ ರಕ್ತದಲ್ಲೇ ಇರುತ್ತದೆ.

ಫೋನಲ್ಲಿ ಫೀಸು ಮಾತ್ರ ಕೇಳಿ ಇಟ್ಟುಬಿಡಬೇಡಿ. ಒಂದು ದಿನ ಬೆಳಗ್ಗೆ ಹೋಗಿ ಸುಮ್ನೆ ನಿಂತು ನೋಡಿ. ಕುದುರೆಯ ಪಕ್ಕೆಲುಬು ಎದ್ದು ಕಾಣುತ್ತಿದೆಯಾ, ಬೆನ್ನ ಮೇಲೆ ಹುಣ್ಣು ಇದೆಯಾ, ಲಾಯ ಒಣಗಿದೆಯಾ, ಸೈಸ್ (ಕುದುರೆ ನೋಡಿಕೊಳ್ಳುವವರು) ಹತ್ತಿರ ಬಂದರೆ ಕುದುರೆ ಕಿವಿ ಹಿಂದಕ್ಕೆ ಒತ್ತುತ್ತದೆಯಾ ಅಥವಾ ಮೂತಿ ಚಾಚುತ್ತದೆಯಾ. ಇಷ್ಟು ನೋಡಿದರೆ ಸಾಕು, ಅವರ ವೆಬ್‌ಸೈಟ್ ಓದುವ ಅಗತ್ಯ ಇಲ್ಲ.

ಕುದುರೆ ಮತ್ತು ಹಗ್ಗ ಹಿಡಿದವರು

ಹೊಸಬರು ಜಾಸ್ತಿ ಯೋಚಿಸುವುದು ತಮ್ಮ ಬ್ಯಾಲೆನ್ಸ್ ಬಗ್ಗೆ. ನಿಜವಾಗಿ ನಿಮ್ಮ ಕ್ಷೇಮ ಇರುವುದು ನಡುವೆ ನಿಂತವರ ಕೈಯಲ್ಲಿ. ಅವರನ್ನು ಲಂಜರ್ ಅನ್ನುತ್ತಾರೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಉದ್ದ ಚಾಟಿ. ಚಾಟಿ ಹೊಡೆಯುವುದಕ್ಕಲ್ಲ, ಮುಂದೆ ಹೋಗು ಅಂತ ಸನ್ನೆ ಮಾಡುವುದಕ್ಕೆ. ಕುದುರೆಯ ವೇಗ, ಸುತ್ತಿನ ಅಳತೆ, ಯಾವಾಗ ನಿಲ್ಲಬೇಕು ಎಲ್ಲ ಅವರದ್ದೇ ಲೆಕ್ಕ. ಸ್ಪರ್ಧೆಯಲ್ಲಿ ಕುದುರೆ ಹೇಗೆ ಓಡಿತು ಅನ್ನುವುದಕ್ಕೂ ಅಂಕ ಇದೆ, ಅಂದರೆ ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಕುದುರೆ ಅಡ್ಡಾದಿಡ್ಡಿ ಓಡಿದರೆ ಅಂಕ ಹೋಗುತ್ತದೆ. ಫ್ರೆಂಡ್ ಒಬ್ಬ ಹಗ್ಗ ಹಿಡಿಯುತ್ತಾನೆ, ನಾನು ಹತ್ತುತ್ತೇನೆ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಎಲ್ಲ ಕುದುರೆಯೂ ಇದಕ್ಕೆ ಆಗುವುದಿಲ್ಲ. ಬೆನ್ನು ಅಗಲ ಇರಬೇಕು, ಸ್ವಭಾವ ತಣ್ಣಗಿರಬೇಕು, ಮೇಲೆ ಏನೇ ಓಡಾಡಿದರೂ ಒಂದೇ ಲಯದಲ್ಲಿ ಓಡುತ್ತಾ ಇರಬೇಕು. ಯುರೋಪಿನಲ್ಲಿ ಇದಕ್ಕೆ ದಪ್ಪ ಮೈಯ ವಾರ್ಮ್‌ಬ್ಲಡ್ ಕುದುರೆಗಳನ್ನು ಜಾಸ್ತಿ ಬಳಸುತ್ತಾರೆ. ನಮ್ಮ ರೈಡಿಂಗ್ ಸ್ಕೂಲುಗಳಲ್ಲಿ ಸಿಗುವ ಬಹಳಷ್ಟು ಕುದುರೆಗಳು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಅವುಗಳ ಬೆನ್ನು ಸಪೂರ, ಮನಸ್ಸು ಚುರುಕು, ಬೆನ್ನ ಮೇಲೆ ಏನೋ ಸರಿದಾಡಿದರೆ ಓಡು ಅಂತಲೇ ಅರ್ಥ ಮಾಡಿಕೊಳ್ಳಬಹುದು. ಎಲ್ಲವೂ ಹಾಗೆ ಅಂತ ಅಲ್ಲ, ವಯಸ್ಸಾದ, ನೂರಾರು ಮಕ್ಕಳಿಗೆ ಸವಾರಿ ಕಲಿಸಿದ ಶಾಂತ ಕುದುರೆಗಳೂ ಇವೆ. ಯಾವುದು ಅಂತ ಕೋಚ್ ಹೇಳಲಿ. ನಂದಿ ಬೆಟ್ಟದ ದಾರಿಯಲ್ಲೋ ಮದುವೆ ಮೆರವಣಿಗೆಯಲ್ಲೋ ಸಿಗುವ ಬಾಡಿಗೆ ಕುದುರೆ ಮೇಲೆ ರೀಲ್ಸ್‌ಗಾಗಿ ಎದ್ದು ನಿಲ್ಲಲು ಹೋಗಬೇಡಿ. ದಯವಿಟ್ಟು.

ಕುದುರೆಗೆ ಹಾಕುವ ಸಾಮಾನು ಬೇರೆ. ಬೆನ್ನ ಮೇಲೆ ದಪ್ಪ ಪ್ಯಾಡ್, ಅದರ ಮೇಲೆ ಹೊಟ್ಟೆ ಸುತ್ತ ಬಿಗಿದ ಅಗಲ ಪಟ್ಟಿ. ಇದಕ್ಕೆ ಸರ್ಸಿಂಗಲ್ ಅಂತ ಹೆಸರು. ಅದರಲ್ಲಿ ಎರಡು ಗಟ್ಟಿ ಹಿಡಿಗಳು, ಪಕ್ಕದಲ್ಲಿ ಕಾಲು ತೂರಿಸಲು ಕುಣಿಕೆಗಳು. ನೀವು ಕೊಳ್ಳಬೇಕಾಗಿಲ್ಲ. ಸ್ಕೂಲಿನಲ್ಲಿ ಇಲ್ಲದಿದ್ದರೆ ಮೊದಲ ಹಂತಕ್ಕೆ ಹಿಡಿ ಇರುವ ಸಾಮಾನ್ಯ ಪಟ್ಟಿ ಸಾಕಾಗುತ್ತದೆ, ಆದರೆ ಮಂಡಿಯೂರುವ ಹಂತಕ್ಕೆ ಬಂದಾಗ ದಪ್ಪ ಪ್ಯಾಡ್ ಇಲ್ಲದೆ ಹತ್ತಲೇಬೇಡಿ.

ಏನು ಹಾಕಿಕೊಂಡು ಹೋಗಬೇಕು

ಮೈಗೆ ಅಂಟಿದಂತಿರುವ ಟೀ ಶರ್ಟು, ಲೆಗ್ಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟು. ಸಡಿಲ ಬಟ್ಟೆ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಸವಾರಿಯ ಬೂಟು ಬೇಡ, ಅದರ ಹಿಮ್ಮಡಿ ಕುದುರೆಯ ಬೆನ್ನಿಗೆ ಚುಚ್ಚುತ್ತದೆ. ಮೆತ್ತನೆ ತಳದ ಜಿಮ್ನಾಸ್ಟಿಕ್ಸ್ ಶೂ ಸಾಕು. ಬಳೆ, ಸರ, ಓಲೆ, ಉಂಗುರ, ಕಾಲ್ಗೆಜ್ಜೆ ಎಲ್ಲ ಬಿಚ್ಚಿಟ್ಟು ಬನ್ನಿ. ಉದ್ದ ಜಡೆ ಇದ್ದರೆ ಸುತ್ತಿ ಕಟ್ಟಿ.

ಹೆಲ್ಮೆಟ್ ಬಗ್ಗೆ ಗೊಂದಲ ಇದೆ. ದೊಡ್ಡ ಸ್ಪರ್ಧೆಗಳ ವಿಡಿಯೋ ನೋಡಿದರೆ ಯಾರ ತಲೆ ಮೇಲೂ ಹೆಲ್ಮೆಟ್ ಕಾಣುವುದಿಲ್ಲ. ಉರುಳುವಾಗ, ಒಬ್ಬರನ್ನೊಬ್ಬರು ಎತ್ತುವಾಗ ಅದು ಅಡ್ಡ ಬರುತ್ತದೆ ಅನ್ನುವುದು ಅವರ ವಾದ. ಆದರೆ ಅವರು ಬೀಳುವುದನ್ನು ವರ್ಷಗಟ್ಟಲೆ ಕಲಿತವರು. ನೀವು ಕೂರುವುದು, ತಿರುಗುವುದು ಇಷ್ಟರಲ್ಲೇ ಇರುವ ತನಕ ಹೆಲ್ಮೆಟ್ ಹಾಕಿಕೊಂಡೇ ಇರಿ ಅನ್ನುವುದು ನನ್ನ ಮಾತು. ಬೈಕಿನದ್ದಲ್ಲ, ಕುದುರೆ ಸವಾರಿಯದ್ದು. ಇನ್ನೊಂದು, ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ. ಕುದುರೆ ಲದ್ದಿ ಇರುವ ಮಣ್ಣಲ್ಲಿ ತರಚಿಕೊಳ್ಳುವುದು ಮಾಮೂಲು.

ನೆಲ, ಆಮೇಲೆ ಡ್ರಮ್ಮು

ಮೊದಲು ಇಳಿಯುವುದನ್ನು ಕಲಿಯಿರಿ, ಹತ್ತುವುದು ಆಮೇಲೆ. ಒಂದು ಸ್ಟೂಲಿನಿಂದ ಚಾಪೆ ಮೇಲೆ ಹಾರಿ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು, ಮಂಡಿ ಮಡಿಯಬೇಕು, ಕಣ್ಣು ಮುಂದೆ ಇರಬೇಕು. ಇಳಿದ ತಕ್ಷಣ ನಿಲ್ಲದೆ ನಾಲ್ಕು ಹೆಜ್ಜೆ ಮುಂದಕ್ಕೆ ಓಡಿ. ಈ ಓಟ ಮುಖ್ಯ, ಯಾಕೆಂದರೆ ಚಲಿಸುವ ಕುದುರೆಯಿಂದ ಇಳಿದಾಗ ನಿಮ್ಮ ಮೈಯಲ್ಲೂ ಅದರ ವೇಗ ಇರುತ್ತದೆ, ಗಕ್ಕನೆ ನಿಂತರೆ ಮುಖ ಅಡಿಯಾಗಿ ಬೀಳುತ್ತೀರಿ. ಮುಂದಕ್ಕೆ ಉರುಳುವುದು, ಭುಜದ ಮೇಲೆ ಪಕ್ಕಕ್ಕೆ ಉರುಳುವುದು, ಇವನ್ನೂ ಜಿಮ್ನಾಸ್ಟಿಕ್ಸ್ ಕ್ಲಾಸಲ್ಲಿ ಕಲಿಯಿರಿ.

ಮೈ ತಯಾರಿಗೆ ದಿನಾ ಒಂದಿಷ್ಟು ಹೊತ್ತು ಪ್ಲ್ಯಾಂಕ್, ಗೋಡೆಗೆ ಕಾಲು ಕೊಟ್ಟು ಕೈ ಮೇಲೆ ನಿಲ್ಲುವುದು, ತೊಡೆಯ ಹಿಂಭಾಗ ಮತ್ತು ಸೊಂಟದ ಕೀಲು ಸಡಿಲಿಸುವ ಯೋಗಾಸನ. ಯೋಗ ಮಾಡುವವರಿಗೆ ಇಲ್ಲಿ ಲಾಭ ಇದೆ. ಮಣಿಕಟ್ಟನ್ನು ಮರೆಯಬೇಡಿ, ಕಂಪ್ಯೂಟರ್ ಮುಂದೆ ಕೂರುವವರ ಮಣಿಕಟ್ಟು ಮೊದಲ ವಾರವೇ ದೂರು ಹೇಳುತ್ತದೆ. ಉತ್ತರ ಕರ್ನಾಟಕದ ಕಡೆಯಿಂದ ಬಂದು ಚಿಕ್ಕಂದಿನಲ್ಲಿ ಮಲ್ಲಕಂಬ ಹತ್ತಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ಈ ಭಾಗ ಬಿಟ್ಟು ಮುಂದೆ ಹೋಗುವ ಹಕ್ಕಿದೆ.

ಈಗ ಡ್ರಮ್ಮು. ಪ್ರಪಂಚದ ಎಲ್ಲ ಕಡೆ ವಾಲ್ಟಿಂಗ್ ಕಲಿಯುವವರು ಮೊದಲು ಹತ್ತುವುದು ಹೊದಿಕೆ ಹಾಕಿದ ಡ್ರಮ್ಮನ್ನೇ. 200 ಲೀಟರಿನ ಡ್ರಮ್ಮು ಸುಮಾರು 58 ಸೆಂಟಿಮೀಟರ್ ಅಗಲ, 88 ಸೆಂಟಿಮೀಟರ್ ಉದ್ದ ಇರುತ್ತದೆ, ಹೊಸಬರಿಗೆ ಇದು ಧಾರಾಳ. ಪೀಣ್ಯ ಕಡೆಯ ಗುಜರಿಗಳಲ್ಲಿ ಹುಡುಕಿ. ಅಡುಗೆ ಎಣ್ಣೆಯೋ ಹಣ್ಣಿನ ತಿರುಳೋ ತುಂಬಿದ್ದ ಡ್ರಮ್ಮನ್ನೇ ಕೇಳಿ ತನ್ನಿ. ಕೆಮಿಕಲ್ ಇದ್ದದ್ದು ಬೇಡ. ಮುಖ್ಯವಾದ ಮಾತು: ಡ್ರಮ್ಮಿಗೆ ನೇರವಾಗಿ ವೆಲ್ಡಿಂಗ್ ಮಾಡಿಸಬೇಡಿ, ಒಳಗೆ ಉಳಿದ ಆವಿಗೆ ಬೆಂಕಿ ಹತ್ತಿ ಸಿಡಿಯುತ್ತದೆ. ಸ್ಟ್ಯಾಂಡನ್ನು ಬೇರೆಯಾಗಿ ವೆಲ್ಡ್ ಮಾಡಿಸಿ, ಡ್ರಮ್ಮನ್ನು ಅದರ ಮೇಲೆ ಅಡ್ಡ ಮಲಗಿಸಿ ಕಬ್ಬಿಣದ ಪಟ್ಟಿ ಮತ್ತು ಬೋಲ್ಟಿನಿಂದ ಬಿಗಿಯಿರಿ. ಹಿಡಿಗಳನ್ನೂ ಆ ಪಟ್ಟಿಗೇ ಮಾಡಿಸಿ. ಮೇಲೆ ದಪ್ಪ ಫೋಮು ಸುತ್ತಿ ರೆಕ್ಸಿನ್ ಹೊಲಿಸಿ, ಆಟೋ ಸೀಟು ಹೊಲಿಯುವ ಅಂಗಡಿಯವರು ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ. ಎತ್ತರ ಮೊದಲು ಸೊಂಟದಷ್ಟೇ ಇರಲಿ, ಸುತ್ತ ಚಾಪೆ ಇರಲಿ. ಅಪಾರ್ಟ್‌ಮೆಂಟಿನವರು ಟೆರೇಸಿನಲ್ಲಿ ಇಡುವ ಮುಂಚೆ ಅಸೋಸಿಯೇಷನ್ ಜೊತೆ ಮಾತಾಡಿಕೊಳ್ಳಿ. ಆ ಜಗಳಕ್ಕೆ ಈ ಗೈಡಿನಲ್ಲಿ ಪರಿಹಾರ ಇಲ್ಲ.

ಡ್ರಮ್ಮಿನ ಮೇಲೆ ಮಾಡಬೇಕಾದ್ದು ಇಷ್ಟು. ಮೊದಲು ನೇರ ಕೂರುವುದು: ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ, ಕೈ ಎರಡೂ ಪಕ್ಕಕ್ಕೆ ಚಾಚಿ ಬೆರಳು ಕಣ್ಣಿನ ಮಟ್ಟಕ್ಕೆ. ಸುಲಭ ಅನ್ನಿಸುತ್ತದೆ. ಎರಡು ನಿಮಿಷ ಹಾಗೇ ಇದ್ದು ನೋಡಿ, ಭುಜ ಮಾತಾಡುತ್ತದೆ. ಆಮೇಲೆ ಮಂಡಿಯೂರುವುದು. ಇಲ್ಲಿ ಎಲ್ಲರೂ ಮಂಡಿಯ ತುದಿಯ ಮೇಲೆ ಭಾರ ಹಾಕುತ್ತಾರೆ. ಡ್ರಮ್ಮು ಸುಮ್ಮನಿರುತ್ತದೆ, ಕುದುರೆಗೆ ಅದು ಬೆನ್ನಲ್ಲಿ ಮೊಳೆ ಹೊಡೆದ ನೋವು. ಭಾರ ಮಂಡಿಯಿಂದ ಪಾದದ ತನಕ ಕಾಲಿನ ಇಡೀ ಮುಂಭಾಗಕ್ಕೆ ಹರಡಬೇಕು. ಅದು ಬಂದ ಮೇಲೆ 'ಫ್ಲ್ಯಾಗ್'. ಎಡ ಮಂಡಿ ಊರಿ, ಬಲಗಾಲು ಹಿಂದಕ್ಕೆ ಚಾಚಿ, ಎಡಗೈ ಮುಂದಕ್ಕೆ. ಸ್ಪರ್ಧೆಯಲ್ಲಿ ಇದನ್ನು ಕುದುರೆಯ ನಾಲ್ಕು ಹೆಜ್ಜೆ ತನಕ ಅಲುಗಾಡದೆ ಹಿಡಿಯಬೇಕು. 'ಮಿಲ್' ಅಂದರೆ ಕೂತಲ್ಲೇ ಒಂದು ಪೂರ್ತಿ ಸುತ್ತು ತಿರುಗುವುದು. ಬಲಗಾಲನ್ನು ಕುದುರೆಯ ಕತ್ತಿನ ಮೇಲಿಂದ ದಾಟಿಸಿ ಒಳಮುಖ (ಸುತ್ತಿನ ನಡುವಿನ ಕಡೆಗೆ), ಮುಂದೆ ಹಿಮ್ಮುಖ, ಆಮೇಲೆ ಹೊರಮುಖ, ಕೊನೆಗೆ ಮತ್ತೆ ಮೊದಲಿನಂತೆ. ಪ್ರತಿ ಹಂತಕ್ಕೂ ಬಾಯಲ್ಲಿ ಒಂದು ಎರಡು ಮೂರು ನಾಲ್ಕು ಎಣಿಸಿ. ಈ ಎಣಿಕೆ ಅಭ್ಯಾಸವಾಗದಿದ್ದರೆ ಕುದುರೆ ಮೇಲೆ ಎಲ್ಲ ಕಲಸಿಹೋಗುತ್ತದೆ.

ಎದ್ದು ನಿಲ್ಲುವುದು, ಕಾಲು ಕತ್ತರಿ ಹಾಕಿ ತಿರುಗುವುದು, ಪಕ್ಕಕ್ಕೆ ಹಾರಿ ಇಳಿಯುವುದು, ಇವೂ ಸ್ಪರ್ಧೆಯ ಕಡ್ಡಾಯ ಸುತ್ತಿನಲ್ಲಿ ಬರುತ್ತವೆ. ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಕುದುರೆ ಹತ್ತುವ ದಿನ

ಬೆಳಗಿನ ಕ್ಲಾಸನ್ನೇ ಹಿಡಿಯಿರಿ. ಹೆಬ್ಬಾಳ ಫ್ಲೈಓವರ್ ಎಂಟು ಗಂಟೆಗೆ ಏನಾಗುತ್ತದೆ ಅಂತ ನಿಮಗೇ ಗೊತ್ತು, ಅದೂ ಅಲ್ಲದೆ ಬಿಸಿಲೇರಿದ ಮೇಲೆ ಕುದುರೆಗೂ ಸುಸ್ತು. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಬರುತ್ತದೆ. ಗುಡುಗು ಕೇಳಿದರೆ ಇಳಿದುಬಿಡಿ. ಮಳೆ ಬಂದ ಮರುದಿನ ಅಖಾಡದ ಮಣ್ಣು ಕೆಸರಾಗಿದ್ದರೆ ಆ ದಿನ ಡ್ರಮ್ಮೇ ಗತಿ, ಜಾರುವ ನೆಲದ ಮೇಲೆ ಸುತ್ತು ಓಡಿಸಿದರೆ ಕುದುರೆಯ ಕಾಲಿಗೆ ಪೆಟ್ಟು.

ಅರ್ಧ ಗಂಟೆ ಮೊದಲೇ ಹೋಗಿ ಕುದುರೆಯ ಮೈ ಉಜ್ಜಲು ಸೈಸ್ ಜೊತೆ ಸೇರಿಕೊಳ್ಳಿ. ಅವರನ್ನು ಅಣ್ಣ ಅಂತ ಮಾತಾಡಿಸಿ, ಆ ಕುದುರೆಗೆ ಎಲ್ಲಿ ಮುಟ್ಟಿದರೆ ಆಗುವುದಿಲ್ಲ, ಯಾವ ಶಬ್ದಕ್ಕೆ ಬೆದರುತ್ತದೆ ಅಂತ ಕೇಳಿ. ಕೋಚ್‌ಗೆ ಗೊತ್ತಿರದ ಎಷ್ಟೋ ಸಂಗತಿ ಅವರಿಗೆ ಗೊತ್ತಿರುತ್ತದೆ. ಕುದುರೆಯ ಹಿಂದೆ ಹಾದುಹೋಗಬೇಡಿ.

ಲಂಜರ್ ಕುದುರೆಯನ್ನು ಎರಡೂ ಕಡೆಗೆ ಸುತ್ತಿಸಿ ಮೈ ಬಿಸಿ ಮಾಡುತ್ತಾರೆ. ನೀವೂ ಪಕ್ಕದಲ್ಲಿ ಅದನ್ನೇ ಮಾಡಿ. ಅವರು ಕರೆದಾಗ ಸುತ್ತಿನ ನಡುವಿನಿಂದ, ಹಗ್ಗದ ಪಕ್ಕದಲ್ಲೇ ನಡೆದು ಕುದುರೆಯ ಎಡ ಭುಜದ ಹತ್ತಿರ ಬನ್ನಿ. ಮೊದಲ ಸಲ ಕುದುರೆ ನಿಂತಿರಲಿ, ಯಾರಾದರೂ ಕಾಲು ಹಿಡಿದು ಎತ್ತಲಿ. ವಾಲ್ಟಿಂಗ್ ಕುದುರೆಗಳು 16 ಹ್ಯಾಂಡ್, ಅಂದರೆ 163 ಸೆಂಟಿಮೀಟರಿನ ಆಸುಪಾಸು ಇರುವುದು ಸಾಮಾನ್ಯ, ಅಷ್ಟು ಎತ್ತರಕ್ಕೆ ಹೊಸಬರು ಹಾರುವ ಮಾತೇ ಇಲ್ಲ. ಕೂರುವಾಗ ದಪ್ಪನೆ ಬೀಳಬೇಡಿ, ಕೈ ಮೇಲೆ ಭಾರ ಹಿಡಿದು ಮೆಲ್ಲಗೆ ಇಳಿಯಿರಿ.

ಆಮೇಲೆ ನಡಿಗೆ. ನಡಿಗೆಯಲ್ಲೇ ಕೂರುವುದು, ಮಂಡಿಯೂರುವುದು, ಫ್ಲ್ಯಾಗ್, ಮಿಲ್, ಇಳಿಯುವುದು. ಡ್ರಮ್ಮಿನ ಮೇಲೆ ನೀರು ಕುಡಿದಷ್ಟು ಸುಲಭವಾಗಿದ್ದದ್ದು ಇಲ್ಲಿ ಕೆಡುತ್ತದೆ, ಅದರಲ್ಲೇನೂ ವಿಶೇಷ ಇಲ್ಲ. ಸುತ್ತಿನಲ್ಲಿ ಹೋಗುವುದರಿಂದ ಮೈ ಹೊರಗಡೆಗೆ ವಾಲುತ್ತದೆ. ಬಿಎಂಟಿಸಿ ಬಸ್ಸು ತಿರುವಿನಲ್ಲಿ ತಿರುಗುವಾಗ ಕಂಬ ಹಿಡಿಯದೆ ನಿಂತಿದ್ದೀರಲ್ಲ, ಅದೇ ಎಳೆತ. ಅದಕ್ಕೆ ಮದ್ದು ಒಳಗಡೆಗೆ ಬಾಗುವುದಲ್ಲ, ಹೊಟ್ಟೆ ಬಿಗಿ ಹಿಡಿದು ಕುದುರೆಯ ಬೆನ್ನಿನ ನಡುಗೆರೆಯ ಮೇಲೆ ಸೊಂಟ ಇಟ್ಟುಕೊಳ್ಳುವುದು. ಉಸಿರು ಕಟ್ಟಬೇಡಿ. ಕಣ್ಣು ಕುದುರೆಯ ಕಿವಿಗಳ ಮೇಲಿಂದ ಮುಂದಕ್ಕೆ ನೋಡಲಿ, ಕೆಳಗೆ ನೋಡಿದರೆ ತಲೆ ಹೋದ ಕಡೆ ಮೈ ಹೋಗುತ್ತದೆ.

ಬೀಳುತ್ತೇನೆ ಅನ್ನಿಸಿದಾಗ ಹಿಡಿಗೆ ಜೋತು ಬೀಳಬೇಡಿ. ಜೋತು ಬಿದ್ದರೆ ಕುದುರೆಯ ಕಾಲಡಿಗೇ ಹೋಗುತ್ತೀರಿ. ಕೈಯಿಂದ ತಳ್ಳಿ ದೂರಕ್ಕೆ ಹಾರಿ, ಉರುಳಿ, ಎದ್ದು ಪಕ್ಕಕ್ಕೆ ಸರಿಯಿರಿ. ಇದನ್ನು ನಿಂತ ಕುದುರೆಯಿಂದ ಬೇಕಂತಲೇ ಅಭ್ಯಾಸ ಮಾಡಿಸಿ ಅಂತ ಕೋಚ್‌ಗೆ ಹೇಳಿ. ಇನ್ನು ಕುದುರೆ ಬಾಲ ಬೀಸುತ್ತಾ ಇದ್ದರೆ, ಕಿವಿ ಹಿಂದಕ್ಕೆ ಒತ್ತಿದರೆ, ಬೆನ್ನು ಕುಗ್ಗಿಸಿದರೆ ಅದಕ್ಕೆ ನೋವಾಗಿದೆ ಅಂತ ಅರ್ಥ. ನಿಮ್ಮ ಸರದಿ ಬಾಕಿ ಇದ್ದರೂ ಇಳಿದುಬಿಡಿ.

ನಡಿಗೆ ಆದ ಮೇಲೆ ಟ್ರಾಟ್ ಬರುತ್ತದೆ, ಅದು ಮೈ ಕುಲುಕಿ ಹಾಕುತ್ತದೆ. ಎರಡು ತಾಳದ ಓಟ ಅದು. ಟ್ರಾಟಿನಲ್ಲಿ ಕೂರುವುದು ಮಾತ್ರ ಕಲಿತರೆ ಸಾಕು, ಕಸರತ್ತು ಬೇಡ. ದೊಡ್ಡ ಸ್ಪರ್ಧೆಗಳೆಲ್ಲ ನಡೆಯುವುದು ಕ್ಯಾಂಟರಿನಲ್ಲಿ. ಅದು ಮೂರು ತಾಳದ್ದು, ತೂಗಿದಂತೆ ಇರುತ್ತದೆ, ಟ್ರಾಟಿಗಿಂತ ವೇಗ ಆದರೂ ಕೂರಲು ಹಿತ. ನಡಿಗೆಯಲ್ಲಿ ಎಲ್ಲ ಕಸರತ್ತನ್ನೂ ಮಾತಾಡುತ್ತಾ ಮಾಡುವಷ್ಟು ಸಲೀಸಾಗುವ ತನಕ ಕ್ಯಾಂಟರ್ ಕೇಳಬೇಡಿ. ವಾರಕ್ಕೆ ಒಂದೆರಡು ಸಲ ಹೋಗುವ ದೊಡ್ಡವರಿಗೆ ಇದಕ್ಕೆ ತಿಂಗಳುಗಳೇ ಬೇಕು, ಮಕ್ಕಳು ಬೇಗ ಹಿಡಿಯುತ್ತಾರೆ. ಮೊದಲ ಕ್ಯಾಂಟರಿನಲ್ಲಿ ಎರಡೂ ಹಿಡಿ ಹಿಡಿದು ಸುಮ್ನೆ ಕೂರಿ, ಒಂದೇ ಒಂದು ಸುತ್ತು. ಮುಂದಿನ ಸಲ ಒಳಗಡೆಯ ಕೈ ಬಿಡಿ. ಅದರ ಮುಂದಿನ ಸಲ ಎರಡೂ ಕೈ, ಅದೂ ನಾಲ್ಕು ಹೆಜ್ಜೆಯಷ್ಟೇ.